ಸುಮಿತ್ರಾ ಮೇಡಂ ಮನೆಗೆ ತಂದ ವೈರಸ್ಸು

ನರಕೋಶಗಳ ಜೊತೆ ಕನ್ನಡದಲ್ಲಿ ಮಾತಾಡುವವರನ್ನು ನಾನು ಕಂಡದ್ದು ಒಬ್ಬರನ್ನೇ. ದೆಹಲಿ ಹತ್ತಿರ ಮಾನೇಸರ್‌ನ ನಮ್ಮ ಪ್ರಯೋಗಾಲಯದಲ್ಲಿ ಸುಮಿತ್ರಾ ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, "ಯಾಕ್ರೋ ಬಾಡಿದ್ದೀರಿ? ಊಟ ಸೇರ್ಲಿಲ್ವಾ?" ಎಂದು ತಟ್ಟೆಯಲ್ಲಿ ಬೆಳೆಸಿದ ಕೋಶಗಳನ್ನು ವಿಚಾರಿಸುತ್ತಿದ್ದರು. ಜೊತೆಯವರು ನಕ್ಕರೆ ಮೇಡಂ ಕ್ಯಾರೇ ಎನ್ನುತ್ತಿರಲಿಲ್ಲ.

ಆ ಕೋಶಗಳಿಗೆ ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ತಗುಲಿಸಿ, ಅವು ಏನು ಮಾಡುತ್ತವೆಂದು ನೋಡುವುದು ಅವರ ಕೆಲಸ. ನಾನು ಸೇರಿದ ಹೊಸತರಲ್ಲಿ ಚಹಾ ಕುಡಿಯುತ್ತ ವಿವರಿಸಿದ್ದರು: "ಎಷ್ಟೋ ಕೋಶಗಳು ವೈರಸ್ ಹೊಕ್ಕರೆ ತಾವೇ ಸತ್ತು ಪಕ್ಕದವನ್ನ ಉಳಿಸ್ತವೆ ಕಣೇ. ನರಕೋಶ ಹಾಗೆ ಸುಲಭಕ್ಕೆ ಸಾಯೋ ಹಾಗಿಲ್ಲ. ಹೋದ್ರೆ ಅದರ ಜಾಗಕ್ಕೆ ಇನ್ನೊಂದು ಹುಟ್ಟಲ್ಲ. ಅದಕ್ಕೇ ವೈರಸ್ಸಿನ ಬಾಯಿ ಮುಚ್ಚಿಸಿ ಒಳಗೇ ಮಲಗಿಸ್ಕೊಳ್ಳುತ್ತೆ. ವಯಸ್ಸಾಗಿ ಮೈ ಸೋತಾಗ ಅದು ಏಳುತ್ತೆ." ಇಷ್ಟು ತಿಳಿಯಾಗಿ ಹೇಳಬಲ್ಲವರ ಮಾತು ಅವರ ಸ್ವಂತ ಮನೆಯಲ್ಲಿ ಯಾರ ಕಿವಿಗೂ ಬೀಳಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ.

ಮನೆ ದೆಹಲಿಯ ರೋಹಿಣಿ ಬಡಾವಣೆಯಲ್ಲಿ. ಗಂಡ ಕೇಂದ್ರ ಸರ್ಕಾರದ ಅಧಿಕಾರಿ. ಕಡತ ಓದಿ ಓದಿ, ತನಗೆ ತಿಳಿಯದ್ದೇ ಇಲ್ಲ ಎಂದುಕೊಂಡ ಮನುಷ್ಯ. ಒಂದು ಬೇಸಿಗೆಯಲ್ಲಿ ಅತ್ತೆಯ ಹಣೆಯ ಬಲಗಡೆ ಗುಳ್ಳೆಗಳೆದ್ದು ಮೂಗಿನ ತುದಿಯವರೆಗೆ ಇಳಿದವು. ಮೇಡಂ ನೋಡಿದ ಕೂಡಲೇ ಹೇಳಿದರು: "ಸರ್ಪಸುತ್ತು. ಚಿಕ್ಕಂದಿನಲ್ಲಿ ನಿಮಗೆ ಸೀತಾಳೆ ಸಿಡುಬು ಆಗಿತ್ತಲ್ಲ ಅತ್ತೆ, ಅದರ ವೈರಸ್ಸೇ ಈಗ ಎದ್ದಿದೆ. ಕಣ್ಣಿಗೆ ಹೋಗೋ ನರ ಇದು. ಇವತ್ತೇ ಮಾತ್ರೆ ಶುರು ಮಾಡ್ಬೇಕು."

"ಅಚ್ಛಾ? ನೀನು ತಟ್ಟೇಲಿ ಕೋಶ ಬೆಳೆಸೋಳು, ಡಾಕ್ಟರಲ್ಲ," ಎಂದರು ಗಂಡ. "ಇಂಗ್ಲಿಷ್ ಔಷಧಿ ಕೊಟ್ರೆ ಸರ್ಪ ಒಳಗಿಳಿಯುತ್ತೆ."

ಊರಿನಿಂದ ಕೆಮ್ಮಣ್ಣು ತರಿಸಿದರು, ಅದೂ ವಿಮಾನದಲ್ಲಿ. ಸರೋಜಿನಿ ನಗರದ ನಮ್ಮ ಕಡೆಯವರೊಬ್ಬರು ಬಂದು ಮಂತ್ರಿಸಿ, ಸರ್ಪದ ತಲೆ ಬಾಲ ಕೂಡದಂತೆ ಗುಳ್ಳೆಗಳ ಸುತ್ತ ಕೆಂಪು ಗೆರೆ ಎಳೆದರು. ಮೇಡಂ ವೈದ್ಯರಿಂದ ಬರೆಸಿ ತಂದ ಮಾತ್ರೆಗಳನ್ನು ಅತ್ತೆ ಸಿಂಕಿಗೆ ಸುರಿದರು. ಕೊನೆಗೆ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಬಲಗಣ್ಣು ಹೋಗಿತ್ತು. ಗುಳ್ಳೆ ಒಣಗಿದರೂ ನರದ ಉರಿ ಹೋಗಲಿಲ್ಲ. ಫ್ಯಾನಿನ ಗಾಳಿ ಸೋಕಿದರೂ ಮುದುಕಿ ಕಿರುಚುತ್ತಿದ್ದರು.

ಆಮೇಲೆ ಆ ಮನೆಯವರು ಕಂಡುಹಿಡಿದ ಸತ್ಯ ಕೇಳಿ. ವೈರಸ್ಸನ್ನು ತಂದವಳು ಸೊಸೆಯಂತೆ, ಲ್ಯಾಬಿನಿಂದ ಸೀರೆಗೆ ಅಂಟಿಸಿಕೊಂಡು! ಲ್ಯಾಬಿನಲ್ಲಿರುವುದು ಇದೇ ಅಲ್ಲ, ಇದರ ದಾಯಾದಿ ಎಂದು ಮೇಡಂ ಎಷ್ಟು ಹೇಳಿದರೂ ಗಂಡ ಕೇಳಲಿಲ್ಲ. "ಕೆಲಸ ಬಿಡು, ಇಲ್ಲ ಮನೆ ಬಿಡು" ಎಂದರು. ಇಪ್ಪತ್ತು ವರ್ಷದ ಕೆಲಸ ಬಿಟ್ಟರು ಮೇಡಂ. ಹಾಳಾದವರು, ಅವರನ್ನು ತಿಂದೇಬಿಟ್ಟರು.

ಅವರ ಹುದ್ದೆ ಇನ್ನೂ ಖಾಲಿಯಿದ್ದಾಗ, ವಾಪಸ್ ಕರೆಯಲು ನಾನೇ ರೋಹಿಣಿಗೆ ಹೋದೆ. ಗಂಡ ಬಾಗಿಲ ಪಕ್ಕದ ಕುರ್ಚಿ ತೋರಿಸಿ, "ನೀವೂ ಅದೇ ಲ್ಯಾಬಿನೋರು. ಇಲ್ಲೇ ಕೂತ್ಕೊಳ್ಳಿ," ಎಂದರು. ಮೇಡಂ ಬಂದು ಎದುರಿಗೆ ನಿಂತರು.

"ಬಂದ್ಬಿಡಿ ಮೇಡಂ. ಇನ್ನೂ ಕಾಲ ಮಿಂಚಿಲ್ಲ."

ಅವರ ತುಟಿ ಅಲುಗಿತು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಕೂಗಿದರು: "ಸುಮಿತ್ರಾ, ಉರೀತಿದೆ, ಬಾರೇ. ಕೈ ತೊಳ್ಕೊಂಡ್ ಬಾ."

ಮೇಡಂ ಸಿಂಕಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದರು. ತಿರುಗಿ ಬಂದು ಎರಡೂ ಅಂಗೈಗಳನ್ನು ಗಂಡನ ಮುಂದೆ ಹಿಡಿದು ತೋರಿಸಿದರು. ಆತ ನೋಡಿ "ಹೂಂ" ಎಂದ ಮೇಲೆ ಒಳಗೆ ಹೋದರು.