ಕೆರಿಯಪ್ಪನವರ ಐದನೆಯ ಸ್ಪೂಲು

ಇಂಥ ಸಂಗತಿಗಳನ್ನು ನಂಬುವವರ ಪೈಕಿ ನಾನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಸಾಗರದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಹಳೇ ಮದುವೆ ಕ್ಯಾಸೆಟ್ಟು, ಯಕ್ಷಗಾನದ ಕ್ಯಾಸೆಟ್ಟು, ಅಜ್ಜ ಅಜ್ಜಿಯರ ಹಾಡು, ಏನೇ ತಂದುಕೊಟ್ಟರೂ ಪೆನ್‌ಡ್ರೈವಿಗೆ ಹಾಕಿಕೊಡುವುದು ನನ್ನ ಕಸುಬು. ಈ ಕಸುಬಿನವನಿಗೆ ಸತ್ತವರ ದನಿ ಕೇಳುವುದು ದಿನದ ಕೆಲಸ. "ಅಪ್ಪ ಹೋಗಿ ಎರಡು ವರ್ಷ ಆದ್ಮೇಲೆ ತುಂಬಿದ ಕ್ಯಾಸೆಟ್ ಇದು, ಇದ್ರಲ್ಲಿ ಅವ್ರ ದನಿ ಕೇಳ್ತು" ಎಂದು ಕಣ್ಣರಳಿಸಿಕೊಂಡು ಬಂದವರೂ ಇದ್ದಾರೆ. ಹಳೆಯದನ್ನು ಸರಿಯಾಗಿ ಅಳಿಸದೆ ಅದರ ಮೇಲೇ ತುಂಬಿದ್ದೀರಿ, ಅಷ್ಟೇ ಎಂದು ಅವರಿಗೆ ಹೇಳಿ ಕಳಿಸುತ್ತಿದ್ದೆ. ಅವರ ಮುಖ ಸಪ್ಪಗಾಗುವುದನ್ನು ನೋಡಿ ಒಳಗೊಳಗೇ ಖುಷಿಪಡುತ್ತಿದ್ದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಈಗ ಹಾಗೆ ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸುತ್ತದೆ.

ಮೂರು ವರ್ಷದ ಹಿಂದೆ ಹೊಸನಗರದಿಂದ ಸುಮಿತ್ರಾ ಎಂಬವರು ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಅಂಗಡಿಗೆ ಬಂದರು. ವಯಸ್ಸು ನಲವತ್ತರ ಹತ್ತಿರ, ಮಾತು ಚುರುಕು. ಹೊಸನಗರದಲ್ಲಿ ರಸ್ತೆ ಬದಿಗೆ ಹಲಸಿನ ಹಪ್ಪಳ ಮಾಡಿ ಮಾರುವ ಸಣ್ಣ ಘಟಕ ನಡೆಸುತ್ತಿದ್ದರು. ಪೆಟ್ಟಿಗೆಯಲ್ಲಿ ಐದು ಸ್ಪೂಲ್ ಟೇಪುಗಳಿದ್ದವು, ಕ್ಯಾಸೆಟ್ಟಿಗೂ ಹಿಂದಿನ ಕಾಲದ, ತಟ್ಟೆಯಂಥ ಚಕ್ರಕ್ಕೆ ಸುತ್ತಿದವು. "ನಮ್ ಮಾವಂದು, ಅಮ್ಮನ ಅಣ್ಣ. ಆನಂದಪುರದಲ್ಲಿ ಅವ್ರಿದ್ದ ರೂಮಿನ ಅಟ್ಟದಲ್ಲಿ ಬಿದ್ದಿತ್ತಂತೆ. ಎಂತ ಇದೆ ನೋಡಿ ಹೇಳಿ ಅಣ್ಣ. ಅಮ್ಮಂಗೆ ಒಂದ್ ಸಲ ಕೇಳ್ಬೇಕಂತೆ" ಎಂದರು.

ಮಾವನ ಹೆಸರು ಕೆರಿಯಪ್ಪ. ಗೇಣಿ ಮಾಡಿಕೊಂಡಿದ್ದ ಮನೆಯ ಹುಡುಗ, ಹದಿನಾಲ್ಕಕ್ಕೆ ಮದ್ರಾಸಿಗೆ ಹೋಗಿ ಹೋಟೆಲ್ ಸೇರಿಕೊಂಡವರು. ಹೋಟೆಲಿನ ಮಾಳಿಗೆಯಲ್ಲಿ ಗೋವಾ ಕಡೆಯ ಮುದುಕರೊಬ್ಬರು ಬಾಡಿಗೆಗಿದ್ದರು. ಅವರು ಸಿನಿಮಾ ಸ್ಟುಡಿಯೊಗಳಲ್ಲಿ ಚೆಲ್ಲೋ ನುಡಿಸುವವರು. ದಿನಾ ಕಾಫಿ ತಂದುಕೊಡುತ್ತಿದ್ದ ಹುಡುಗನಿಗೆ ಅವರು ಕಮಾನು ಹಿಡಿಯುವುದನ್ನು ಕಲಿಸಿದರು. ಕೆರಿಯಪ್ಪ ಇಪ್ಪತ್ತು ವರ್ಷ ಅದೇ ಸ್ಟುಡಿಯೊಗಳಲ್ಲಿ ನುಡಿಸಿ, ಕೀಬೋರ್ಡುಗಳು ಬಂದು ಕೆಲಸ ಕಡಿಮೆಯಾದಾಗ, ಎದೆಯೆತ್ತರದ ಆ ವಾದ್ಯವನ್ನು ಬಸ್ಸಿನ ಟಾಪಿಗೆ ಕಟ್ಟಿಸಿಕೊಂಡು ತಂಗಿಯ ಮನೆಗೆ ಬಂದಿಳಿದರು. ಊರವರಿಗೆ ಅದರ ಹೆಸರು ಬಾಯಿಗೆ ಬರಲಿಲ್ಲ. ದೊಡ್ಡ ಪಿಟೀಲು ಎಂದರು.

ಇದನ್ನೆಲ್ಲ ಕೇಳಿ ನನಗೆ ತಡೆಯಲಾಗಲಿಲ್ಲ. ನಮ್ಮ ಆನಂದಪುರದಲ್ಲಿ ಚೆಲ್ಲೋ! ಸುಮಿತ್ರಕ್ಕ ಅಂಗಡಿಯ ಮೆಟ್ಟಿಲಿಳಿಯುವ ಮೊದಲೇ ಒಂದು ಸ್ಪೂಲನ್ನು ಮಶೀನಿಗೆ ಹಾಕಿದೆ. ಹಾಕಬಾರದಿತ್ತು. ಬಹಳ ವರ್ಷ ಥಂಡಿಯಲ್ಲಿದ್ದ ಟೇಪು ಅಂಟು ಬಿಟ್ಟುಕೊಂಡಿರುತ್ತದೆ. ಅದು ಕಿರ್ರೆಂದು ಅರಚಿ, ಮಶೀನಿನಲ್ಲಿ ಟೇಪು ಓದುವ ಹೆಡ್ಡಿಗೆ ಕಚ್ಚಿಕೊಂಡಿತು, ಕಂದು ಬಣ್ಣದ ಲೇಪ ಸಿಪ್ಪೆಯಂತೆ ಎದ್ದು ಬಂತು. ಐದರಲ್ಲಿ ಒಂದು ನನ್ನ ಆತುರಕ್ಕೆ ಹೋಯಿತು. ಆ ರಾತ್ರಿ ಊಟ ಸೇರಲಿಲ್ಲ.

ಅಂಥ ಟೇಪನ್ನು ಎಂಟು ಗಂಟೆ ಹದವಾದ ಬಿಸಿಯಲ್ಲಿಟ್ಟು ಒಣಗಿಸಿದರೆ ಕೆಲವು ದಿನ ಸರಿಯಾಗಿ ಓಡುತ್ತದೆ ಎಂದು ಆಮೇಲೆ ತಿಳಿದುಕೊಂಡೆ. ಐವತ್ತೆರಡು ಡಿಗ್ರಿಯ ಆಚೀಚೆ ಇರಬೇಕು. ಅಷ್ಟು ಸರಿಯಾದ ಬಿಸಿ ಎಲ್ಲಿಂದ ತರುವುದು? ತಪ್ಪೊಪ್ಪಿಕೊಳ್ಳಲು ಸುಮಿತ್ರಕ್ಕನಿಗೆ ಫೋನ್ ಮಾಡಿದಾಗ ಇದನ್ನೂ ಹೇಳಿದೆ. ಅವರು ನಕ್ಕರು. "ಐವತ್ತೆರಡಾ? ನಮ್ ಹಪ್ಪಳದ ಡ್ರೈಯರು ದಿನಾ ಅಷ್ಟಕ್ಕೇ ಇಡೋದು. ಟೇಪು ತಗಂಡು ಬನ್ನಿ" ಎಂದರು.

ಮರುದಿನವೇ ಮಶೀನು, ಲ್ಯಾಪ್‌ಟಾಪು ಎಲ್ಲ ಕಾರಿಗೆ ತುಂಬಿಕೊಂಡು ಹೊಸನಗರಕ್ಕೆ ಹೋದೆ. ಹಪ್ಪಳದ ತಟ್ಟೆಗಳನ್ನು ತೆಗೆದು ನಾಲ್ಕು ಸ್ಪೂಲುಗಳನ್ನು ಮಲಗಿಸಿದೆವು. ಅಲ್ಲೇ ಪರಿಚಯದವರ ಮನೆಯಲ್ಲಿ ಮಲಗಿ ಬೆಳಿಗ್ಗೆ ಬಂದು ಬಾಗಿಲು ತೆಗೆದರೆ ಟೇಪಿಗೆಲ್ಲ ಇಂಗು, ಮೆಣಸಿನಪುಡಿಯ ವಾಸನೆ. ಮಶೀನಿಗೆ ಹಾಕಿದೆ. ಸಲೀಸಾಗಿ ಓಡಿತು! ಸ್ಪೀಕರಿನಿಂದ ಚೆಲ್ಲೋ ಹೊರಟಿತು. ಮನುಷ್ಯರ ಗಂಟಲಿಗೆ ಇಷ್ಟು ಹತ್ತಿರದ ವಾದ್ಯ ಇನ್ನೊಂದಿಲ್ಲ. ಹಪ್ಪಳ ಒತ್ತುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಕೇಳಿದರು. ನಾನು ಕುಣಿಯುವುದೊಂದು ಬಾಕಿ.

ಸ್ಪೂಲುಗಳ ಡಬ್ಬಿಗಳ ಮೇಲೆ ಬರೆದದ್ದನ್ನು ಮೊಬೈಲಿನಲ್ಲಿ ಹುಡುಕಿ, ಹೋಲಿಸಿ ನೋಡಿದೆ. ಇನ್ನೂರು ವರ್ಷಕ್ಕೂ ಹಿಂದೆ ಯುರೋಪಿನಲ್ಲಿ ರಚಿಸಿದ ಕನ್ಸರ್ಟೊಗಳು ಅವು. ಮುಂದೆ ಒಬ್ಬ ಚೆಲ್ಲೋದವನು, ಹಿಂದೆ ಇಡೀ ವಾದ್ಯವೃಂದ ಕೂತು ನುಡಿಸುವಂಥವು. ಆನಂದಪುರದಲ್ಲಿ ವಾದ್ಯವೃಂದ ಎಲ್ಲಿಂದ ಬರಬೇಕು? ಕೆರಿಯಪ್ಪನವರು ತಮ್ಮ ಪಾಲಿನದನ್ನು ಮಾತ್ರ ನುಡಿಸಿ, ಉಳಿದವರ ಸರದಿ ಬಂದಾಗ ಪಾದದಲ್ಲಿ ತಾಳ ಹಾಕುತ್ತ, ಮೆಲ್ಲಗೆ ಕನ್ನಡದಲ್ಲಿ ಎಣಿಸುತ್ತ ಕೂತಿದ್ದಾರೆ. ಅವರ ರೂಮಿದ್ದದ್ದು ಶಿವಮೊಗ್ಗ ರಸ್ತೆಯ ಮೇಲೆ. ಬಸ್ಸು, ಲಾರಿಗಳ ಸದ್ದೆಲ್ಲ ಟೇಪಿನಲ್ಲಿ ಬಂದಿತ್ತು. ಎಷ್ಟೇ ಗದ್ದಲವಾದರೂ ಅವರು ಒಂದು ಕಡೆಯೂ ನಿಲ್ಲಿಸದೆ, ಅದರ ಮೇಲೇ ನುಡಿಸಿಕೊಂಡು ಹೋಗಿದ್ದರು. ಇದನ್ನು ನೆನಪಿಟ್ಟುಕೊಳ್ಳಬೇಕು.

ಮಧ್ಯಾಹ್ನ ಹನ್ನೆರಡರೊಳಗೆ ಮೂರು ಸ್ಪೂಲು ಲ್ಯಾಪ್‌ಟಾಪಿಗೆ ಇಳಿಸಿದೆ. ನಾಲ್ಕನೆಯದನ್ನು, ಅಂದರೆ ಹಾಳಾದದ್ದೂ ಸೇರಿದರೆ ಐದನೆಯದನ್ನು, ಕೈಗೆತ್ತಿಕೊಳ್ಳುವಾಗ ಸುಮಿತ್ರಕ್ಕನ ತಾಯಿ ಗಂಗಮ್ಮ ತೀರ್ಥಹಳ್ಳಿಯ ಕಣ್ಣಿನ ಡಾಕ್ಟರ ಹತ್ತಿರ ಹೋದವರು ಬಸ್ಸಿಳಿದು ಬಂದರು. ಎಪ್ಪತ್ತೈದರ ಹೆಂಗಸು, ಕಿವಿ ಚುರುಕಾಗಿಯೇ ಇತ್ತು. ನಾನು ಮೂರನ್ನು ಮುಗಿಸಿದ್ದೇನೆ, ಮತ್ತೆ ಓಡಿಸಿದರೆ ಟೇಪು ಹಾಳಾದೀತು, ಅವನ್ನು ಪೆನ್‌ಡ್ರೈವಿನಲ್ಲಿ ಕೇಳಬಹುದು ಎಂದೆ. ಅವರಿಗೆ ಅಸಾಧ್ಯ ಸಿಟ್ಟು ಬಂತು. "ನಂಗೆ ಡ್ರೈವು ಬ್ಯಾಡ ಮಾರಾಯ. ಅವ್ನು ಕೈಯಾರೆ ಮುಟ್ಟಿದ ಟೇಪು ತಿರುಗೋದು ನೋಡ್ತಾ ಕೇಳ್ಬೇಕು. ಒಂದಾದ್ರೂ ಉಳಿಸಿದೀಯೋ ಇಲ್ವೋ?" ಎಂದರು.

ಆಮೇಲೆ ಕಾರಣ ಹೇಳಿದರು. ಅಣ್ಣ ಮದ್ರಾಸಿನಿಂದ ಬಂದಾಗ ಸುಮಿತ್ರಾ ತೊಟ್ಟಿಲಲ್ಲಿದ್ದ ಮಗು. ಅವರು ನುಡಿಸಲು ಕೂತಾಗೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಮಗು ಅಳುತ್ತಿತ್ತು, ಹಾಲು ಉಕ್ಕುತ್ತಿತ್ತು, ಯಾರೋ ಕರೆಯುತ್ತಿದ್ದರು. ಒಂದು ದಿನ ಗಂಗಮ್ಮನಿಗೆ ರೇಗಿ, "ಸಾಕು ನಿಲ್ಸು ಅಣ್ಣ, ಈ ನರಳೋದು ಕೇಳಿ ಕೇಳಿ ತಲೆ ಕೆಟ್ಟೋಯ್ತು" ಎಂದುಬಿಟ್ಟರು. ಅವರು ಆ ವಾರವೇ ಆನಂದಪುರದಲ್ಲಿ ರೂಮು ಹಿಡಿದರು. ಹಬ್ಬಕ್ಕೆ ಬರುತ್ತಿದ್ದರು, ನಗುನಗುತ್ತಲೇ ಇರುತ್ತಿದ್ದರು, ಆದರೆ ತಂಗಿಯ ಎದುರು ಮತ್ತೆ ನುಡಿಸಲಿಲ್ಲ. ತೀರಿಕೊಂಡು ಆಗಲೇ ಇಪ್ಪತ್ತು ವರ್ಷವಾಗಿತ್ತು. "ಒಂದ್ ಸಲನೂ ಮೊದ್ಲಿಂದ ಕಡೀತನ್ಕ ಕೇಳ್ಲಿಲ್ಲ ನಾನು. ಇವತ್ತಾದ್ರೂ ಒಂದು ಅಕ್ಷರ ಬಿಡ್ದೆ ಕೇಳ್ಬೇಕು" ಎಂದರು ಗಂಗಮ್ಮ.

ಐದನೆಯ ಸ್ಪೂಲಿನ ಸ್ಥಿತಿ ಚೆನ್ನಾಗಿರಲಿಲ್ಲ. ಅಂಚಿನಿಂದ ಪುಡಿ ಉದುರುತ್ತಿತ್ತು, ಒಂದು ಸಲ ಓಡಿದರೆ ಹೆಚ್ಚು. ಅದಕ್ಕೇ ನಾನು ಎಲ್ಲರಿಗೂ ಕಟ್ಟುನಿಟ್ಟು ಮಾಡಿದೆ. ಡ್ರೈಯರು, ಫ್ಯಾನು, ಮೊಬೈಲು ಎಲ್ಲ ಬಂದ್ ಮಾಡಿಸಿ, ಹೆಂಗಸರನ್ನು ಊಟಕ್ಕೆ ಕಳಿಸಿದೆ. ಒಳಗೆ ಉಳಿದವರು ನಾವು ಮೂವರೇ. ಗಂಗಮ್ಮ ಮಶೀನಿನ ಮುಂದೆ ಕುರ್ಚಿ ಎಳೆದುಕೊಂಡು ಸ್ಪೂಲಿನ ಮೇಲೆ ಕಣ್ಣು ನೆಟ್ಟು ಕೂತರು.

ಎರಡು ನಿಮಿಷ ಚೆನ್ನಾಗಿ ನಡೆಯಿತು. ಆಮೇಲೆ ರಾಗದ ನಟ್ಟನಡುವೆ ಕಮಾನು ನಿಂತಿತು. ಟೇಪು ಹೋಯಿತು ಎಂದುಕೊಂಡೆ. ಬಗ್ಗಿ ನೋಡಿದರೆ ಎರಡು ಚಕ್ರವೂ ತಿರುಗುತ್ತಿದ್ದವು. ಸ್ಪೀಕರಿನಲ್ಲಿ ಉಸಿರಾಟ, ಕುರ್ಚಿ ಕಿರುಗುಟ್ಟುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಅಷ್ಟರಲ್ಲಿ ಹೊರಗಿನ ತಿರುವಿನಲ್ಲಿ ಬಸ್ಸೊಂದು ಉದ್ದಕ್ಕೆ ಹಾರನ್ ಹೊಡೆದುಕೊಂಡು ಬಂದು, ಗಡಗಡ ಸದ್ದು ಮಾಡುತ್ತ ದಾಟಿ ಹೋಯಿತು. ಸದ್ದು ಪೂರ್ತಿ ಅಡಗಿದ ಮೇಲೆ ಕೆರಿಯಪ್ಪನವರು ಎರಡು ಸಾಲು ಹಿಂದಕ್ಕೆ ಹೋಗಿ, ಬಿಟ್ಟಲ್ಲಿಂದ ಸರಿಯಾಗಿ ಕೂಡಿಸಿಕೊಂಡು ಮುಂದುವರಿದರು.

ಕಾಕತಾಳೀಯ ಎಂದುಕೊಂಡೆ. ರಸ್ತೆ ಬದಿಯ ರೂಮು, ಬಸ್ಸು ಬಂದಿದೆ, ನಿಲ್ಲಿಸಿದ್ದಾರೆ. ಆದರೆ ಟೇಪಿನೊಳಗೆ ಬಸ್ಸಿನ ಸದ್ದು ಇರಲಿಲ್ಲ. ಬಸ್ಸು ಬಂದದ್ದು ಈಗ, ಇಲ್ಲಿ, ನಮ್ಮ ಕಿಟಕಿಯ ಹೊರಗೆ.

ಇನ್ನೊಂದು ಐದು ನಿಮಿಷವಾಗಿರಬೇಕು. ಮತ್ತೆ ಕಮಾನು ನಿಂತಿತು. ಈ ಸಲ ನಾನು ಹೊರಗಿನ ಸದ್ದಿಗೆ ಕಿವಿಗೊಟ್ಟೆ. ಪಕ್ಕದ ಮನೆಯಲ್ಲಿ ಕುಕ್ಕರು ಕೂಗಿತು. ಕಮಾನು ಏಳಲಿಲ್ಲ. ಎರಡನೇ ಸಲ ಕೂಗಿತು, ಆಗಲೂ ಇಲ್ಲ. ಮೂರನೆಯದು ಮುಗಿದ ಮೇಲೆ, ಯಾರೋ ಒಲೆ ಆರಿಸಿದರು ಎಂಬುದು ಗೊತ್ತಾದವರ ಹಾಗೆ, ಸಾವಕಾಶ ಶುರು ಮಾಡಿದರು. ಸುಮಿತ್ರಕ್ಕ ನನ್ನ ಮುಖ ನೋಡಿದರು. ನಾನು ಏನೂ ಗೊತ್ತಿಲ್ಲದವನಂತೆ ಮಶೀನಿನ ಗುಂಡಿ ಒರೆಸುತ್ತ ಕೂತೆ.  

ಮೂರನೆಯ ಸಲ ಬಂದದ್ದು ಕಸದ ಗಾಡಿ. ಬೆಳಿಗ್ಗೆ ಬರುವ ಗಾಡಿ ಅವತ್ತು ಯಾಕೋ ಮಧ್ಯಾಹ್ನ ಬಂತು. ತನ್ನ ಹಾಡನ್ನು ಜೋರಾಗಿ ಹಾಕಿಕೊಂಡು ಗೇಟಿನ ಮುಂದೆಯೇ ನಿಂತು, ಡ್ರೈವರು ಯಾರ ಜೊತೆಗೋ ಮಾತು ಮುಗಿಸುವವರೆಗೆ ಎರಡು ನಿಮಿಷ ಇದ್ದು ಹೋಯಿತು. ಆ ಎರಡು ನಿಮಿಷವೂ ಟೇಪಿನಲ್ಲಿ ಬರೀ ಉಸಿರಾಟ. ಗಾಡಿ ಬರುವ ಮೊದಲೇ ಕಮಾನು ನಿಂತಿತ್ತು, ಹಾಡು ತಿರುವಿನಾಚೆ ಕರಗಿದ ಮೇಲೆ ಎದ್ದಿತು.

ಆಗ ಗಂಗಮ್ಮನಿಗೆ ತಡೆಯಲಾಗಲಿಲ್ಲ. ನಿಧಾನದ ಭಾಗ ನಡೆಯುತ್ತಿತ್ತು, ಅದೂ ನಿಂತಿತು. ಈಗ ಯಾವ ಸದ್ದು ಬರುತ್ತದೋ ಎಂದು ನಾನು ಕಿಟಕಿಯ ಕಡೆ ನೋಡುತ್ತಿದ್ದರೆ, ಬಂದದ್ದು ನನ್ನ ಪಕ್ಕದಿಂದಲೇ. ಅವರು ಸೆರಗು ಬಾಯಿಗೆ ಒತ್ತಿಕೊಂಡರೂ ಅಳು ಒಡೆದುಕೊಂಡು ಬಂತು. "ಅಣ್ಣಾ, ಅವತ್ತು ನಾ ಹಂಗೆ ಅನ್ಬಾರ್ದಿತ್ತು. ಮಗು ನಿದ್ದೆ ಕೆಟ್ಟು ನಂಗೆ ತಲೆ ಸರಿ ಇರ್ಲಿಲ್ಲ. ನಿನ್ ಮೇಲೆ ಸಿಟ್ಟಲ್ಲ ಅದು" ಎಂದು ಮಶೀನಿಗೆ ಹೇಳಿದರು. ಅದನ್ನೇ ಮೂರು ನಾಲ್ಕು ಸಲ ಹೇಳಿದರು. ಸುಮಿತ್ರಕ್ಕನೂ ಅಳುತ್ತಿದ್ದರು. ಚಕ್ರಗಳು ತಿರುಗುತ್ತಲೇ ಇದ್ದವು. ನನಗೆ ಒಂದೇ ಭಯ, ಈಗಲೇ ಶುರುವಾದರೆ ಈಯಮ್ಮನಿಗೆ ಕೇಳಿಸುವುದಿಲ್ಲವಲ್ಲ ಎಂದು. ಶುರುವಾಗಲಿಲ್ಲ. ಗಂಗಮ್ಮ ಮೂಗು ಒರೆಸಿಕೊಂಡು ಸುಮ್ಮನಾದರು. ಆಗ ಸ್ಪೀಕರಿನಿಂದ ಒಂದು ಗಂಡು ದನಿ "ಹ್ಞೂಂ" ಎಂದಿತು. ಅದರ ಹಿಂದೆಯೇ ಚೆಲ್ಲೋ ಬಂತು, ಆ ಭಾಗದ ಮೊದಲಿಂದ.

ಅಲ್ಲಿಂದ ಕೊನೆಯವರೆಗೂ ಎಲ್ಲಿಯೂ ನಿಲ್ಲಲಿಲ್ಲ, ಹೊರಗೂ ಯಾವ ಸದ್ದೂ ಬರಲಿಲ್ಲ. ಮುಗಿದ ಮೇಲೆ ಮಶೀನಿನ ಕೆಳಗೆ ಒಂದು ಹಿಡಿ ಕಂದು ಪುಡಿ ಬಿದ್ದಿತ್ತು. ಟೇಪು ಗಾಜಿನ ಹಾಳೆಯಂತೆ ಪಾರದರ್ಶಕವಾಗಿತ್ತು. ಗಂಗಮ್ಮ ಎದ್ದು, "ಒಂದೂ ಬಿಟ್ಟೋಗ್ಲಿಲ್ಲ" ಎಂದರು. ಆಮೇಲೆ ನಮಗೆ ಊಟಕ್ಕೆ ಬಡಿಸಿದರು.

ಆ ಐದನೆಯ ಸ್ಪೂಲಿನ ಫೈಲು ನನ್ನ ಹತ್ತಿರ ಇದೆ. ಲ್ಯಾಪ್‌ಟಾಪಿಗೆ ಬಂದದ್ದು ಮಶೀನಿನಿಂದ ನೇರ ತಂತಿಯಲ್ಲಿ, ಹಾಗಾಗಿ ನಮ್ಮ ಬಸ್ಸು, ಕುಕ್ಕರು, ಅಳು ಯಾವುದೂ ಅದರಲ್ಲಿಲ್ಲ. ನಾಲ್ಕು ಖಾಲಿ ಜಾಗಗಳಿವೆ. "ಹ್ಞೂಂ" ಇದೆ. ಮೂರನೆಯ ಖಾಲಿ ಜಾಗ ಎರಡು ನಿಮಿಷಕ್ಕಿಂತ ತುಸು ಹೆಚ್ಚಿದೆ. ಯಾವ ಲೆಕ್ಕದಲ್ಲೂ ಇದು ನನಗೆ ಕೂಡಿ ಬರುವುದಿಲ್ಲ. ತಿಳಿದವರಿಬ್ಬರಿಗೆ ಹೇಳಿದೆ. ಒಬ್ಬರು ನಕ್ಕರು, ಇನ್ನೊಬ್ಬರು ಬೇರೆ ಮಾತು ತೆಗೆದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಒಂದು ದಿನ ಅಂಗಡಿಯ ಬಾಗಿಲನ್ನು ಬೇಕೆಂದೇ ಹಾರು ಹೊಡೆದು, ಆ ಫೈಲನ್ನು ಮೊದಲಿಂದ ಹಾಕಿ ಪರೀಕ್ಷೆ ಮಾಡಿದೆ. ಬೀದಿಯಲ್ಲಿ ಬೈಕು, ಆಟೊ, ತರಕಾರಿಯವನ ಕೂಗು ಎಲ್ಲ ಇತ್ತು. ಇಬ್ಬರು ಗಿರಾಕಿಗಳು ಬಂದು ಜೋರಾಗಿ ಮಾತಾಡಿ ಹೋದರು. ನಾನೂ ಒಂದು ಸಲ, ಯಾರೂ ಇಲ್ಲದಾಗ, "ಕೆರಿಯಪ್ಪನವರೇ, ಸ್ವಲ್ಪ ತಡೀರಿ" ಎಂದು ಗಟ್ಟಿಯಾಗಿ ಹೇಳಿದೆ. ಆ ನಾಲ್ಕು ಖಾಲಿ ಜಾಗ ಬಿಟ್ಟರೆ ಅವರು ಎಲ್ಲೂ ನಿಲ್ಲಲಿಲ್ಲ. ನನ್ನ ಮಾತಿನ ಮೇಲೇ ನುಡಿಸಿಕೊಂಡು ಹೋದರು.