ಬೆಲ್ಟ್ ಕಿತ್ತುಹೋದ ಮಧ್ಯಾಹ್ನ

ಇಂಥದ್ದನ್ನೆಲ್ಲ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಾನು ಪುಕ್ಕಲ, ಒಪ್ಪುತ್ತೇನೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧದಾರಿಯಲ್ಲಿ ಬಸ್ಸಿಳಿದು ವಾಪಸು ಹೋದವನು. ಆದರೆ ನನ್ನ ಭಯಗಳೆಲ್ಲ ಮನೆ ಬೀಗ, ಬಿ.ಪಿ., ಮಾಲೀಕರ ಫೋನು ಇಂಥವು. ಕಣ್ಣಿಗೆ ಕಾಣದ್ದಕ್ಕೂ ಹೆದರುವಷ್ಟು ಪುರುಸೊತ್ತು ನನಗಿರಲಿಲ್ಲ.

ಐದಾರು ವರ್ಷದ ಹಿಂದೆ ಮಂಚೇನಹಳ್ಳಿ ಕಡೆಯ ಒಂದು ಪುಡಿ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ಬೆಣಚುಕಲ್ಲನ್ನು ಮೊದಲು ಜೆಲ್ಲಿಯಷ್ಟು ಒಡೆದು, ಆಮೇಲೆ ಉಕ್ಕಿನ ಗುಂಡುಗಳಿರುವ ದೊಡ್ಡ ಡ್ರಮ್ಮಿಗೆ ಹಾಕಿ ತಿರುಗಿಸಿದರೆ, ಗುಂಡುಗಳ ಏಟಿಗೆ ಕಲ್ಲು ಮೈದಾಹಿಟ್ಟಿನಂತಾಗುತ್ತದೆ. ಒಳಗೆ ನಡೆಯುವುದು ಕಣ್ಣಿಗೆ ಕಾಣದು, ಕಿವಿಗೇ ಗೊತ್ತಾಗಬೇಕು. ಆ ಕಿವಿ ಇದ್ದದ್ದು ಆಪರೇಟರ್ ಪಾಷಣ್ಣನಿಗೆ. ಕಬ್ಬಿಣದ ಸರಳಿನ ಒಂದು ತುದಿಯನ್ನು ಬೇರಿಂಗಿನ ಮೇಲೆ, ಇನ್ನೊಂದನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟು ಕಣ್ಣು ಮುಚ್ಚುತ್ತಿದ್ದ. ಗಣಗಣ ಅಂದರೆ ಕಲ್ಲು ಕಮ್ಮಿ, ಗುಂಡಿಗೆ ಗುಂಡೇ ಬಡಿದು ಸವೆಯುತ್ತಿದೆ. ಸದ್ದು ಮಂಕಾದರೆ ಕಲ್ಲು ಹೆಚ್ಚು, ಅರೆಯದೆ ಸುಮ್ಮನೆ ಹೊರಳುತ್ತಿದೆ. ಅವನ ಕೈಸನ್ನೆ ನೋಡಿಕೊಂಡೇ ಉಳಿದವರು ಕಲ್ಲು ಬಿಡುತ್ತಿದ್ದರು.

ನಾನು ಅಲ್ಲಿ ಮಾಡಿದ ಸುಧಾರಣೆ ಒಂದೇ. ಕಲ್ಲೊಡೆಯುವ ಕಡೆ ಧೂಳು ಏಳದಿರಲೆಂದು ನೀರು ಚಿಮುಕಿಸುವ ಪೈಪಿತ್ತು. ಒದ್ದೆ ಕಲ್ಲು ಡ್ರಮ್ಮಿನೊಳಗೆ ಮೆತ್ತಿಕೊಂಡು ಕೆಲಸ ನಿಧಾನವಾಗುತ್ತದೆಂದು ಅದರ ವಾಲ್ವನ್ನು ನಾನೇ ಮುಚ್ಚಿದೆ. ಪುಡಿ ಬೇಗ ಬರತೊಡಗಿತು. ಮಾಲೀಕರು ಮೊದಲ ಸಲ ನನ್ನ ಹೆಸರನ್ನು ಸರಿಯಾಗಿ ಹೇಳಿದರು. ಎಲ್ಲರಿಗೂ ಮೂಗಿಗೆ ಕಟ್ಟಿಕೊಳ್ಳಲು ಬಟ್ಟೆ ಹಂಚಿದೆ. ಪಾಷಣ್ಣ ಮಾತ್ರ ಅದನ್ನು ಕುತ್ತಿಗೆಗೆ ಇಳಿಸಿಕೊಳ್ಳುತ್ತಿದ್ದ. ಕಟ್ಟಿಕೊಂಡರೆ ತನ್ನ ಉಸಿರೇ ಕೇಳಿಸುತ್ತದೆ, ಮಿಲ್ ಕೇಳಿಸುವುದಿಲ್ಲ ಎನ್ನುತ್ತಿದ್ದ.

ಎರಡು ವರ್ಷದಲ್ಲಿ ಅವನಿಗೆ ಏದುಸಿರು ಶುರುವಾಯಿತು. ಟಿ.ಬಿ. ಮಾತ್ರೆ ನುಂಗಿದ, ಗುಣ ಕಾಣಲಿಲ್ಲ. ಎದೆಯಲ್ಲಿ ಕಲ್ಲಿನ ಧೂಳು ಕೂತಿದೆ, ತೆಗೆಯಲಾಗದು ಎಂದು ಕೊನೆಗೆ ಡಾಕ್ಟರು ಹೇಳಿದರಂತೆ. ಅವನು ಮನೆ ಸೇರಿದ, ಅವನ ಜಾಗಕ್ಕೆ ಹೊಸ ಆಪರೇಟರ್ ಬಂದ.

ಒಂದು ಮಧ್ಯಾಹ್ನ ಮೂಸಂಬಿ ಕೊಂಡು ಗೌರಿಬಿದನೂರಿನ ಅವನ ಮನೆಗೆ ಹೋದೆ. ಮಿಲ್ಲಿಗೂ ಆ ಮನೆಗೂ ಬಸ್ಸಿನಲ್ಲಿ ಅರ್ಧ ಗಂಟೆ ದಾರಿ. ದಿಂಬಿಗೊರಗಿ ಕೂತಿದ್ದ, ಎದೆಯಿಂದ ಗರಗರ ಸದ್ದು. ಮಲಗಿದರೆ ಉಸಿರು ಕಟ್ಟುವುದರಿಂದ ಎರಡು ತಿಂಗಳಿಂದ ಕೂತೇ ಇದ್ದಾರೆ ಎಂದು ಹೆಂಡತಿ ಮುಮ್ತಾಜ್ ಹೇಳಿದರು. ಪಾಷಣ್ಣ ನನ್ನ ಬಿ.ಪಿ. ವಿಚಾರಿಸಿದ. ಆಮೇಲೆ, "ಹೊಸಬನಿಗೆ ಹೇಳಿ ಸಾರ್, ಬೆಳಿಗ್ಗೆಯಿಂದ ಕಲ್ಲು ತುಂಬಿಸ್ತಾನೇ ಇದಾನೆ. ಮಿಲ್ ಮಂಕಾಗಿದೆ," ಎಂದ.

"ನಿಂಗ್ಯಾರು ಫೋನ್ ಮಾಡಿದ್ರು ಪಾಷಣ್ಣ?"

"ಫೋನ್ ಯಾಕೆ ಸಾರ್," ಎಂದು ಎದೆ ಮುಟ್ಟಿಕೊಂಡ. "ಇಲ್ಲೇ ಓಡ್ತಾ ಇದೆಯಲ್ಲ."

"ದಿನಾ ಇದೇ ಸಾರ್. ಮನೇಲೂ ಡ್ಯೂಟಿ," ಎಂದು ಮುಮ್ತಾಜ್ ನಕ್ಕರು. ನಾನೂ ನಕ್ಕೆ.

ಸ್ವಲ್ಪ ಹೊತ್ತಿಗೆ ಗರಗರ ಪಟ್ಟನೆ ನಿಂತಿತು. ಪ್ರಾಣವೇ ಹೋಯಿತೆಂದು ಎದ್ದು ನಿಂತೆ. ಹಾಗೇನೂ ಆಗಿರಲಿಲ್ಲ, ಉಸಿರು ಸಲೀಸಾಗಿ ಆಡುತ್ತಿತ್ತು. "ನಿಂತೋಯ್ತು ಸಾರ್," ಎಂದವನು ಹಾಗೇ ಜಾರಿ ಮಲಗಿ ನಿದ್ದೆಹೋದ. ನನ್ನ ಜೇಬಿನಲ್ಲಿ ಫೋನು ಅದುರಿತು. ಮಿಲ್ಲಿನಿಂದ. ಕಲ್ಲು ಹೆಚ್ಚಾಗಿ ಡ್ರಮ್ಮಿನ ಬೆಲ್ಟ್ ಕಿತ್ತುಹೋಗಿತ್ತು.

ಕಾಕತಾಳೀಯ ಅಂದುಕೊಂಡೆ. ತಕ್ಷಣ ಮಿಲ್ಲಿಗೆ ಹೊರಡಬೇಕಿತ್ತು, ಕಾಲೇ ಬರಲಿಲ್ಲ. ಮುಮ್ತಾಜ್ ಹೊರಗೆ ಹೋಗಿ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ದೂರ ಕಳಿಸಿ, ಬಾಗಿಲು ಮುಂದೆ ಮಾಡಿ ಬಂದರು. ಎರಡು ಗಂಟೆ ಹೊತ್ತು, ಒಬ್ಬ ಮನುಷ್ಯ ಮಲಗಿರುವುದನ್ನು ನೋಡುತ್ತಾ ಇಬ್ಬರೂ ಕೂತೆವು.

ಮತ್ತೆ ಫೋನು. "ಬೆಲ್ಟ್ ಹಾಕಾಯ್ತು ಸಾರ್. ಸ್ಟಾರ್ಟ್ ಮಾಡಣಾ?"

ಮುಮ್ತಾಜ್ ನನ್ನ ಮುಖವನ್ನೇ ನೋಡುತ್ತಿದ್ದರು. ಇವತ್ತು ಬೇಡ ಅಂದರೆ ನಾಳೆ? ನಾಳಿದ್ದು? ಅಲ್ಲಿ ಲಾರಿ ಕಾಯುತ್ತಿತ್ತು. ಮಾಲೀಕರು ಕೇಳಿದರೆ, ಒಬ್ಬರು ಮಲಗಿದ್ದಾರೆ ಅದಕ್ಕೇ ಮಿಲ್ ನಿಲ್ಲಿಸಿದ್ದೇನೆ ಅನ್ನಲೇ? ಇಷ್ಟಕ್ಕೂ ಇಂಥದ್ದನ್ನು ನಂಬುವವನಲ್ಲವಲ್ಲ ನಾನು.

"ಮಾಡಿ," ಎಂದೆ.

ಫೋನನ್ನು ಜೇಬಿಗೆ ಹಾಕುವಷ್ಟರಲ್ಲಿ ಅವನು ಎದ್ದು ಕೂತಿದ್ದ, ಬಾಯಿ ತೆರೆದು ಗಾಳಿ ಹುಡುಕುತ್ತಾ. ಅದೇ ಗರಗರ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿಸಿಕೊಂಡ. "ಕಲ್ಲು ಸ್ವಲ್ಪ ಕಮ್ಮಿ ಬಿಡಕ್ಕೆ ಹೇಳಿ ಸಾರ್," ಎಂದ. "ತಡಿಯಲ್ಲ."

ಮಾರನೆಯ ದಿನ ನೀರಿನ ವಾಲ್ವ್ ತೆರೆದೆ. ವಾರದೊಳಗೆ ಮಾಲೀಕರು ಮುಚ್ಚಿಸಿದರು. ನಾನು ಮುಚ್ಚಿದಾಗ ಕೊಟ್ಟ ಕಾರಣವನ್ನೇ ಅವರು ನನಗೆ ತಿರುಗಿ ಹೇಳಿದರು. ತಿಂಗಳಲ್ಲಿ ಪಾಷಣ್ಣ ಹೋದ. ಆ ದಿನವೂ ಮಿಲ್ ಚೆನ್ನಾಗಿಯೇ ಓಡುತ್ತಿತ್ತು.

ಆಮೇಲೆ ಯಾರ್ಯಾರನ್ನೋ ಕೇಳಿದ್ದೇನೆ. ಅಷ್ಟು ವರ್ಷ ಕೇಳಿದ ಸದ್ದು ಮೂಳೆಯಲ್ಲೇ ಉಳಿದಿರುತ್ತದೆ ಎಂದರು. ಇರಬಹುದು. ಆದರೆ ಬೆಲ್ಟ್ ಕಿತ್ತುಹೋದದ್ದು ಮೂಳೆಗೆ ಹೇಗೆ ತಿಳಿಯುತ್ತದೆ ಎಂದು ಯಾರೂ ಹೇಳಲಿಲ್ಲ. ಕೆಲಸ ಬಿಡುವ ದಿನ ಅವನ ಸರಳನ್ನು ಬೇರಿಂಗಿಗಿಟ್ಟು ಕಿವಿಗೊಟ್ಟೆ. ಪಕ್ಕದಲ್ಲಿ ಹೊಸ ಆಪರೇಟರ್, ಬಟ್ಟೆಯನ್ನು ಕುತ್ತಿಗೆಗೆ ಇಳಿಸಿಕೊಂಡು ನಿಂತಿದ್ದ. ನನಗೆ ಬರೀ ಸದ್ದು ಕೇಳಿಸಿತು. ಒಳಗೆ ಅರೆಯುತ್ತಿರುವುದು ಕಲ್ಲೊಂದೇ ಹೌದೋ ಅಲ್ಲವೋ ಎಂದು ಹೇಳುವ ಕಿವಿ ನನ್ನದಲ್ಲ.