ಆಯಿಯ ಮಣ್ಣಿನ ಚೀಲ

ಇವತ್ತು ಬೆಳಿಗ್ಗೆ ಸಂತೆಗೆ ಹೊರಟವಳು ಕೈಚೀಲ ಹುಡುಕುತ್ತಿದ್ದೆ. ಬೇಕಾದಾಗ ಚೀಲ ಸಿಕ್ಕರೆ ಅದು ನನ್ನ ಮನೆಯೇ ಅಲ್ಲ. ಕಪಾಟಿನ ತಳದಲ್ಲಿ ಕೈ ಆಡಿಸಿದಾಗ ಮಾಸಿದ ಬಟ್ಟೆಯ ಚೀಲವೊಂದು ಹೊರಬಂತು. ಬಾಯಿ ಬಿಡಿಸಿದ್ದೇ ತಡ, ವಿಭೂತಿ, ಸುಣ್ಣ, ಒಣಗಿದ ಎಲೆ, ಹೊಗೆಸೊಪ್ಪು ಎಲ್ಲ ಕಲೆತ ವಾಸನೆ ಮೂಗಿಗೆ ಬಡಿಯಿತು. ಸಂತೆಯಿಂದ ತರಬೇಕಿದ್ದ ಬದನೆಕಾಯಿ ಮರೆತು ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅದಕ್ಕೂ ಅರ್ಧ ಗಂಟೆ ಮೊದಲು ನಡೆದದ್ದನ್ನೂ ನಿಮಗೆ ಹೇಳಿಬಿಡಬೇಕು. ನಾನಿರುವುದು ಮಹಾರಾಷ್ಟ್ರದ ಜಾಲನಾದಲ್ಲಿ. ಅಲ್ಲಿನ ಒಂದು ಬೀಜದ ಕಂಪನಿಯಲ್ಲಿ ನೂರು ಬೀಜಕ್ಕೆ ಎಷ್ಟು ಮೊಳಕೆ ಬಂದವು ಎಂದು ನೋಡುವುದು ನನ್ನ ಕೆಲಸ. ನಮ್ಮ ಗೋದಾಮಿನ ವಾಚ್‌ಮನ್‌ನ ತಂದೆ ತೀರಿಕೊಂಡರೆಂದು ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದಿತ್ತು. ಸಾಲಾಗಿ ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದರು. ನಾನೂ ಒಂದು ಹಾಕಿ, ಆ ಕೆಲಸ ಮುಗಿಯಿತೆಂದು ಚಪ್ಪಲಿ ಹುಡುಕಲು ಎದ್ದಿದ್ದೆ.

ಚೀಲ ನಮ್ಮ ಆಯಿಯದು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಊರು ಶಿಗ್ಗಾಂವ ತಾಲೂಕಿನ ಹಿರೇಬೆಂಡಿಗೇರಿ, ಹೆಸರು ಬಸವ್ವ, ಹವ್ಯಾಸ ಸಾವಿಗೆ ಹೋಗುವುದು. ನಗಬೇಡಿ. ಕೆಲವರಿಗೆ ನಾಟಕದ ಹುಚ್ಚು, ಕೆಲವರಿಗೆ ಮದುವೆ ಊಟದ ಹುಚ್ಚು. ನಮ್ಮ ಆಯಿ ಮಣ್ಣಿಗೆ ಹೋಗುತ್ತಿದ್ದಳು. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ, ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಹಾಗಾಗಿ ಆ ಹೋಗುವಿಕೆಗೆ 'ಮಣ್ಣಿಗೆ ಹೋಗುವುದು' ಎಂದೇ ಹೆಸರು.

ಈ ಚೀಲ ಬಾಗಿಲ ಹಿಂದಿನ ಗೂಟಕ್ಕೆ ಸದಾ ತಯಾರಾಗಿ ತೂಗುತ್ತಿತ್ತು. ಒಳಗೆ ಒಂದು ವಿಭೂತಿ ಗಟ್ಟಿ, ಊದಿನಕಡ್ಡಿಯ ಕಟ್ಟು, ಕೈ ಒರೆಸಲು ಹಳೇ ಟವೆಲ್ಲು, ಎಲೆಯಡಿಕೆಯ ಸಂಚಿ. ಸುದ್ದಿ ತಂದವರು ಇನ್ನೂ ಸತ್ತವರ ಗುಣಗಾನದಲ್ಲಿರುವಾಗಲೇ ಆಯಿ ಮಣ್ಣು ಎಷ್ಟು ಹೊತ್ತಿಗೆ ಎಂದು ಕೇಳಿ ಚಪ್ಪಲಿ ಮೆಟ್ಟಿರುತ್ತಿದ್ದಳು. ಸಾಲಿ ಸೂಟಿ ಇದ್ದರೆ ಜೊತೆಗೆ ನಾನು. ಬೇರೆ ಮಕ್ಕಳು ಸೂಟಿಯಲ್ಲಿ ಗೋಕರ್ಣ, ಜೋಗ ನೋಡಿಬಂದರೆ ನಾನು ನಾಲ್ಕು ತಾಲೂಕಿನ ಸಾವು ನೋಡಿಬಂದೆ.

ಹಾಗೆಂದೇ ನನ್ನ ಭೂಗೋಳ ಇವತ್ತಿಗೂ ಸ್ವಲ್ಪ ಬೇರೆ. ಹಾನಗಲ್ಲು ಎಂದರೆ ಭತ್ತದ ಗದ್ದೆಯ ಬದುವಿನ ಮೇಲೆ ಕಾಲು ಜಾರಿಸಿಕೊಂಡು ಹೋದ ಸಾವು. ಸವಣೂರು ಎಂದರೆ ಎಲೆಬಳ್ಳಿಯ ತೋಟದ ನೆರಳಿನಲ್ಲಿ ಕೂತ ಸಾವು. ಅಲ್ಲಿ ಆಯಿ ದುಃಖದ ನಡುವೆಯೂ ಎಳೆ ಎಲೆ ಎಲ್ಲಿ ಸಿಗುತ್ತದೆಂದು ವಿಚಾರಿಸಿಕೊಂಡಿದ್ದಳು. ಹಿರೇಕೆರೂರು ಎಂದರೆ ಬಸ್ಸು ಬದಲಿಸಿ ಬದಲಿಸಿ ಮುಟ್ಟುವ, ವಾಂತಿ ಬರುವ ಸಾವು. ಯಾರಾದರೂ ಆ ಊರುಗಳ ಗುಡಿ, ಕೆರೆ ಎಂದು ಮಾತೆತ್ತಿದರೆ ನಾನು ಸುಮ್ಮನೆ ತಲೆಯಾಡಿಸುತ್ತೇನೆ. ನಾನು ಕಂಡದ್ದು ಬೇರೆ.

ಮಣ್ಣಿಗೆ ಹೋದವರು ಮನೆಗೆ ಬಂದು ಜಳಕ ಮಾಡುವವರೆಗೆ ಏನೂ ತಿನ್ನುವಂತಿಲ್ಲ. ಆದರೆ ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ಕುರುಕಲು ಖಾರದ ಅಂಗಡಿಯ ಮುಂದೆ ನನ್ನ ಕಾಲು ತಾನಾಗಿಯೇ ನಿಲ್ಲುತ್ತಿತ್ತು. ಆಯಿ ಆಚೀಚೆ ನೋಡಿ ಒಂದು ಪೊಟ್ಟಣ ಕೊಂಡು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಬಸ್ಸು ಊರು ದಾಟಿದ ಮೇಲೆ ಅಪ್ಪಣೆಯಾಗುತ್ತಿತ್ತು.

"ಕಿಡಕ್ಯಾಗ ಇಷ್ಟು ಗಾಳಿ ಬಡೀತಲ್ಲ, ಜಳಕ ಆದಂಗ ಆತು. ತಿನ್ನು."

ತಾನು ಮಾತ್ರ ಒಂದು ಕಾಳೂ ಬಾಯಿಗೆ ಹಾಕುತ್ತಿರಲಿಲ್ಲ. ಗಾಳಿಯ ಜಳಕ ಮಕ್ಕಳಿಗಷ್ಟೇ ಸಲ್ಲುತ್ತದೆಂದು ಆಕೆಯ ಕಾಯಿದೆ.

ಇಂಥ ಕಾಯಿದೆಗಳು ಆಯಿಯ ಹತ್ತಿರ ಬೇಕಾದಷ್ಟಿದ್ದವು. ಅದರಲ್ಲಿ ಎರಡು ಬಹಳ ಗಟ್ಟಿ. ಮೊದಲನೆಯದು, ಮಣ್ಣಿನ ಹೊತ್ತಿಗೆ ಯಾರಿಗೂ ಕಾಯಬಾರದು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ, ಹೊಸ ಬಟ್ಟೆ ಉಡಿಸಿ, ಹೂ ಹಾಕಿ ಕೂರಿಸುತ್ತಾರೆ. ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಹಿರೇಕೆರೂರಿನ ಕಡೆ ಒಂದು ಮನೆಯಲ್ಲಿ ಮುಂಬಯಿಯಿಂದ ಬರುವ ಮಗನಿಗಾಗಿ ಹೊತ್ತು ಇಳಿಯುವವರೆಗೂ ಕಾದರು. ಹಿರಿಯರೆಲ್ಲ ಗಡಿಯಾರ ನೋಡುತ್ತ ಕೂತಿದ್ದಾಗ ಆಯಿ ನಡುಮನೆಯಲ್ಲಿ ಎದ್ದು ನಿಂತಳು.

"ಎಷ್ಟೊತ್ತು ಕುಂದರಸ್ತೀರಿ ಅವರನ್ನ? ಬೆನ್ನು ನೋಯಂಗಿಲ್ಲೇನು? ಬರಾವ ಬರ್ತಾನ, ನೀವು ನಡೀರಿ."

ಎರಡನೆಯದು, ಒಮ್ಮೆ ಹೂಳುವ ಕುಣಿಯ ದಂಡೆಗೆ ಹೋಗಿ ನಿಂತೆವೆಂದರೆ ಒಂದು ಹಿಡಿ ಹಾಕದೆ ಹೊರಳಬಾರದು. ಯಾರದೇ ಆಗಲಿ, ಎಷ್ಟೇ ಅವಸರವಿರಲಿ. ಒಮ್ಮೆ ನಾನು ಕೊನೆಯ ಬಸ್ಸು ತಪ್ಪುತ್ತದೆಂದು ರಾಗ ತೆಗೆದೆ. ಮುಖವಂತೂ ನೋಡಿ ಆಯಿತಲ್ಲ, ಇನ್ನೇನು ಎಂದು ಕೇಳಿದೆ. ಆಯಿ ನನ್ನ ಮೊಣಕೈ ಹಿಡಿದು ಅಲ್ಲೇ ನಿಲ್ಲಿಸಿಕೊಂಡಳು.

"ಮಕ ನೋಡೂದು ನಮ್ಮ ಸಲುವಾಗಿ. ಮಣ್ಣು ಹಾಕೂದು ಅವರ ಸಲುವಾಗಿ."

ಬಸ್ಸು ತಪ್ಪಿತು. ಯಾರದೋ ಟ್ರ್ಯಾಕ್ಟರಿನಲ್ಲಿ ಊರು ಸೇರಿದೆವು.

ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲಂತೂ ಆಯಿಯನ್ನು ಹಿಡಿಯುವವರೇ ಇರಲಿಲ್ಲ. ಚೀಲಕ್ಕೆ ಆಧಾರ್ ಕಾರ್ಡಿನ ಝೆರಾಕ್ಸ್ ಒಂದು ಸೇರಿತು. ಮೊದಲು ಹತ್ತಿರದವರ ಸಾವಿಗೆ ಮಾತ್ರ ಹೋಗುತ್ತಿದ್ದವಳು ಈಗ ಬೀಗರ ಬೀಗರಿಗೂ ಹೋಗತೊಡಗಿದಳು. ನಾನು ಫೋನು ಮಾಡಿದರೆ ಅರ್ಧಕ್ಕರ್ಧ ಸಲ ಬಸ್ಸಿನ ಗದ್ದಲವೇ ಕೇಳುತ್ತಿತ್ತು. ಎಂಬತ್ತು ದಾಟಿದವಳು ಹೀಗೆ ತಿರುಗಬಾರದೆಂದು ನಾನು ಜಾಲನಾದಲ್ಲಿ ಕೂತು ಉಪದೇಶ ಮಾಡುತ್ತಿದ್ದೆ. ಊರಿಗೆ ಹೋಗಿ ಎರಡು ವರ್ಷವಾದವಳ ಉಪದೇಶ.

ಹೋದ ವರ್ಷ ಮಳೆಗಾಲದ ಒಂದು ಬೆಳಿಗ್ಗೆ ಕಾಕಾನ ಫೋನು ಬಂತು. ಆಯಿ ನಸುಕಿನಲ್ಲಿ ಹೋಗಿಬಿಟ್ಟಿದ್ದಳು. ಮಣ್ಣು ಮರುದಿನ ಹನ್ನೆರಡರೊಳಗೆ. ನನಗೆ ತಲೆಯಲ್ಲಿ ಇದ್ದದ್ದು ಒಂದೇ: ಒಮ್ಮೆ ಆಕೆಯ ಮುಖ ನೋಡಬೇಕು. ಬರುತ್ತೇನೆ ಬರುತ್ತೇನೆ ಎಂದು ಎರಡು ವರ್ಷ ಮುಂದೂಡಿದ ಮುಖ ಅದು. ಜಾಲನಾದಿಂದ ಪುಣೆ, ಪುಣೆಯಿಂದ ಶಿಗ್ಗಾಂವದ ಮೇಲೆ ಹಾಯುವ ಸ್ಲೀಪರ್ ಬಸ್ಸು. ಎಲ್ಲ ಸರಿಯಾಗಿದ್ದರೆ ಬೆಳಿಗ್ಗೆ ಎಂಟಕ್ಕೆ ಇಳಿಯಬೇಕಿತ್ತು. ಬೆಳಗಾವಿ ಬರುವ ಮೊದಲೇ ರಸ್ತೆಗೆ ಅಡ್ಡ ಲಾರಿ ಬಿದ್ದು ಮೂರು ಗಂಟೆ ಕೂತೆವು. ಕಾಕಾನಿಗೆ ಫೋನು ಮಾಡಿದೆ. ತಡವಾದರೆ ಮನೆಗೆ ಬರಬೇಡ, ರಸ್ತೆ ಬದಿಯ ನಮ್ಮ ಹೊಲಕ್ಕೇ ಸೀದಾ ಬಾ, ಅಲ್ಲೇ ಮಣ್ಣು ಎಂದ. ಸ್ವಲ್ಪ ಹೊತ್ತು ಕಾಯಿರಿ ಎನ್ನಲು ಬಾಯಿ ತೆರೆದೆ. ಆಯಿಯ ಕಾಯಿದೆ ನೆನಪಾಗಿ ಬಾಯಿ ಮುಚ್ಚಿದೆ. ಅಷ್ಟರಲ್ಲಿ ಫೋನಿನ ಚಾರ್ಜೂ ಮುಗಿಯಿತು.

ಶಿಗ್ಗಾಂವದ ಹೈವೇ ಪಕ್ಕ ಇಳಿದಾಗ ಹನ್ನೊಂದು. ಸಿಕ್ಕ ಟಂಟಂ ರಿಕ್ಷಾ ಹತ್ತಿದೆ. ನಾನು ಚಿಕ್ಕವಳಿದ್ದಾಗ ನಮ್ಮ ಹೊಲದಲ್ಲಿ ಹತ್ತಿ, ಪಕ್ಕದಲ್ಲಿ ಶೇಂಗಾ, ಅದರಾಚೆ ಮೆಣಸಿನಗಿಡ. ಕಣ್ಣು ಮುಚ್ಚಿದರೂ ಗುರುತು ಸಿಗುತ್ತಿತ್ತು. ಈಗ ನೋಡಿದರೆ ರಸ್ತೆಯ ಎರಡೂ ಕಡೆ ಆಳೆತ್ತರದ ಗೋವಿನಜೋಳ, ಎಲ್ಲ ಹೊಲವೂ ಒಂದೇ. ಬೀಜದ ಕಂಪನಿಯಲ್ಲಿ ಸಂಬಳ ಎಣಿಸುವ ನಾನು ಯಾರನ್ನು ದೂರಲಿ? ಅಷ್ಟರಲ್ಲಿ ಭಜನೆಯ ತಾಳ ಕೇಳಿತು. ಜೋಳದ ನಡುವೆ ಜನ, ಹೋದವರನ್ನು ಕೂರಿಸಿ ತರುವ ಹೂವಿನ ವಿಮಾನ. ಟಂಟಂ ನಿಲ್ಲಿಸಿ ಓಡಿದೆ.

ದೂರದಿಂದ ಬಂದಾಳ, ದಾರಿ ಬಿಡ್ರಿ ಎಂದು ಯಾರೋ ಹೇಳಿದರು. ಜನ ಎರಡು ಪಾಲಾದರು. ನಾನು ಕುಣಿಯ ದಂಡೆಗೆ ಬಂದು ಮಂಡಿಯೂರಿ, ಎರಡು ವರ್ಷದ್ದೆಲ್ಲ ಸೇರಿಸಿ ಗಟ್ಟಿಯಾಗಿ ಅತ್ತೆ. ನಾಲ್ಕು ಮಂದಿ ಹೆಂಗಸರು ನನ್ನನ್ನು ನೋಡಿ ಹೊಸದಾಗಿ ಅಳಲು ಸುರು ಮಾಡಿದರು. ಆಮೇಲೆ ಕಣ್ಣೊರೆಸಿಕೊಂಡು ತಲೆಯೆತ್ತಿದೆ. ವಿಮಾನದಲ್ಲಿ ಕೂತವರಿಗೆ ಕೇಸರಿ ರುಮಾಲಿತ್ತು. ಅದರ ಕೆಳಗೆ ಎರಡೂ ಕಡೆ ತಿರುವಿದ ಬಿಳಿ ಮೀಸೆ.

ನಿಮ್ಮಾಣೆ, ಅಷ್ಟು ಒಳ್ಳೆಯ ಮೀಸೆಯನ್ನು ನಾನು ಮತ್ತೆ ನೋಡಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕಿ, ಸತ್ತವರ ಹೆಂಡತಿ, ನನ್ನ ಕಡೆ ತಿರುಗಿದಳು.

"ಯಾರ ಪೈಕಿರಿ ನೀವು?"

ಹಿರೇಬೆಂಡಿಗೇರಿ ಬಸವ್ವನ ಮೊಮ್ಮಗಳು ಎಂದೆ. ಬೇರೇನೂ ಹೊಳೆಯಲಿಲ್ಲ. ಆಕೆಯ ಮುಖ ಒಂದಿಷ್ಟು ಸಡಿಲಾಯಿತು.

"ಹೌದ? ಆಗಿಂದ ನೋಡಾಕತ್ತೇನಿ, ಬಸಕ್ಕ ಇನ್ನೂ ಯಾಕ ಬರ್ಲಿಲ್ಲ ಅಂತ. ಆಕಿ ತಪ್ಪಸಾಕಿ ಅಲ್ಲ."

ತಮ್ಮ ಮನೆಯಲ್ಲೇ ಸಾವಿರುವಾಗ ಎರಡು ಮೈಲಿ ಆಚೆಯ ಸುದ್ದಿ ಆಕೆಗೆ ಯಾರು ಹೇಳಬೇಕು?

"ಬರಂಗಿಲ್ರಿ ಆಕಿ," ಎಂದೆ. "ಆಕಿದೂ ಇವತ್ತ ಮಣ್ಣೈತ್ರಿ."

ಮುದುಕಿ ನನ್ನ ಎರಡೂ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತು ಗಂಡನನ್ನು ಬಿಟ್ಟು ನನ್ನ ಆಯಿಗಾಗಿ ಅತ್ತಳು. ಆಮೇಲೆ ಕೈಬಿಟ್ಟು, ನೀನಿಲ್ಲಿ ನಿಲ್ಲಬೇಡ, ಓಡು ಎಂದಳು. ಓಡಿದ್ದರೆ ಆಗುತ್ತಿತ್ತು. ಹೊತ್ತು ಇತ್ತು. ಆದರೆ ನಾನು ನಿಂತದ್ದು ಕುಣಿಯ ದಂಡೆಯಲ್ಲಿ. ಮೊಣಕೈಯನ್ನು ಯಾರೋ ಹಿಡಿದ ಹಾಗಾಯಿತು. ಒಂದು ಹಿಡಿ ಹಾಕಿಯೇ ಹೋಗುತ್ತೇನೆ ಎಂದೆ. ಇನ್ನೇನು ಮುಗಿಯುತ್ತದೆ ಅಂದುಕೊಂಡಿದ್ದೆ. ಇಳಿಸಿ, ಕೂರಿಸಿ, ಪತ್ರಿ ವಿಭೂತಿ ಏರಿಸಿ, ಮೊದಲು ಮಕ್ಕಳು, ಆಮೇಲೆ ತಮ್ಮಂದಿರು, ಆಮೇಲೆ ಬೀಗರು. ನನ್ನ ಪಾಳಿ ಬರುವಷ್ಟರಲ್ಲಿ ಅರ್ಧ ಗಂಟೆ. ಆಯಿಯ ಹೆಸರು ಹೇಳಿ ಒಂದು ಹಿಡಿ ಹಾಕಿದೆ. ಮುದುಕಿ ತನ್ನ ಅಳಿಯನನ್ನು ಕರೆದು ಮೋಟರ್‌ಸೈಕಲ್ಲಿನ ಮೇಲೆ ನನ್ನನ್ನು ಮುಟ್ಟಿಸಿಬರಲು ಹೇಳಿದಳು.

"ನಾ ಇವರನ್ನ ಬಿಟ್ಟು ಬರಾಕ ಆಗಂಗಿಲ್ಲ. ನನ್ನ ಪಾಲಿಂದೂ ಒಂದ ಹಿಡಿ ಬಸಕ್ಕಗ ಹಾಕು."

ನಮ್ಮ ಹೊಲ ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಕುಣಿ ಮುಕ್ಕಾಲು ತುಂಬಿತ್ತು. ಕಾಕಾ ಸಲಿಕೆ ಬಿಟ್ಟು ನನ್ನ ಹತ್ತಿರ ಬಂದ. ಅವನ ಕಣ್ಣು ಕೆಂಪಾಗಿತ್ತು.

"ಕಾಯೂನಂತ ಎಲ್ಲಾರೂ ಅಂದ್ರವಾ. ನಾನ ಬ್ಯಾಡಂದೆ. ಆಯಿ ಬೈತಿದ್ಲು."

ಸರಿಯಾಗಿಯೇ ಮಾಡಿದೆ ಎಂದು ಹೇಳಬೇಕಿತ್ತು. ಆಗಲಿಲ್ಲ. ನನಗೆ ಅವನ ಮೇಲೆ ಸಿಟ್ಟು, ಲಾರಿಯ ಮೇಲೆ ಸಿಟ್ಟು, ಆ ಮೀಸೆಯ ಅಜ್ಜನ ಮೇಲೂ ಸಿಟ್ಟು; ಎಲ್ಲಕ್ಕಿಂತ ಹೆಚ್ಚು ಎರಡು ವರ್ಷ ಊರಿಗೆ ಬಾರದ ನನ್ನ ಮೇಲೆ. ಮುಖ ಕೂಡ ಸಿಗಲಿಲ್ಲ ಪಾಪ ಎಂದು ಹೆಂಗಸರು ಮರುಗಿದರು. ನಾನು ಮೊದಲು ಆ ಮುದುಕಿಯ ಒಂದು ಹಿಡಿ ಹಾಕಿದೆ. ಆಮೇಲೆ ನನ್ನದು. ಕರಿಮಣ್ಣು, ಹಸಿಯಾಗಿ ಅಂಗೈಗೆ ಮೆತ್ತಿಕೊಂಡಿತು. ಮೂರು ದಿನ ಬಿಟ್ಟು ಹೊರಟಾಗ ಗೂಟದ ಮೇಲಿನ ಚೀಲ ಕೇಳಿ ತಂದೆ. ತಂದವಳು ಕಪಾಟಿನ ತಳಕ್ಕೆ ತುರುಕಿ ವರ್ಷ ಕಳೆದೆ.

ಈಗ ಚೀಲವನ್ನು ತೊಡೆಯ ಮೇಲೆ ಬೋರಲು ಹಾಕಿದೆ. ವಿಭೂತಿ ಗಟ್ಟಿ ಎರಡು ತುಂಡಾಗಿತ್ತು. ಆಧಾರ್ ಝೆರಾಕ್ಸ್ ಮಡಿಕೆಯಲ್ಲಿ ಹರಿದಿತ್ತು. ಫೋಟೊದಲ್ಲಿ ಮುಖವೆಲ್ಲ ಕಪ್ಪು ಮಸಿ, ಮೂಗುತಿ ಇರುವ ಜಾಗದಲ್ಲಿ ಒಂದು ಬಿಳಿ ಚುಕ್ಕೆ. ಅಷ್ಟನ್ನೇ ಬಹಳ ಹೊತ್ತು ನೋಡಿದೆ. ಅತ್ತುಬಿಟ್ಟೆ ಕೂಡ. ಆಮೇಲೆ ಟವೆಲ್ಲು ಝಾಡಿಸಿ ಮಡಚಿ ಒಳಗಿಟ್ಟೆ, ಹೊಸ ಊದಿನಕಡ್ಡಿಯ ಕಟ್ಟು ಇಟ್ಟೆ, ಝೆರಾಕ್ಸನ್ನು ಅದರ ಜಾಗದಲ್ಲೇ ಇಟ್ಟೆ.

ವಾಚ್‌ಮನ್‌ನ ಊರಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಅವರಲ್ಲಿ ಮಲಗಿಸುತ್ತಾರೆ, ಸುಡುತ್ತಾರೆ; ಮಣ್ಣಿಲ್ಲ. ನಾನು ಏನು ಹಾಕಬೇಕೋ ಅಲ್ಲಿ ಹೋಗಿ ಕೇಳಿದರಾಯಿತು. ಗುಂಪಿನಲ್ಲಿ ಹಾಕಿದ್ದ ಕೈಮುಗಿದ ಚಿತ್ರ ಅಳಿಸಿ, ವಾಚ್‌ಮನ್‌ನ ನಂಬರಿಗೇ ಫೋನು ಹಚ್ಚಿದೆ. ಅವನ ಅಣ್ಣ ಎತ್ತಿದ. ಹಿಂದೆ ಅಳು ಕೇಳುತ್ತಿತ್ತು. ನಾನು ಹೊರಟಿದ್ದೇನೆ, ಬಂದೇ ಬರುತ್ತೇನೆ ಎಂದು ನನ್ನ ಹರಕುಮುರುಕು ಮರಾಠಿಯಲ್ಲಿ ಹೇಳಿದೆ. ಎಷ್ಟು ಹೊತ್ತಿಗೆ ಮುಟ್ಟುತ್ತೀರಿ, ಕಾಯಬೇಕೇ ಎಂದು ಅವನು ಕೇಳಿದ.

ನನಗಾಗಿ ಕಾಯಬೇಡಿ ಎಂದು ಹೇಳಿ ಚೀಲ ಹೆಗಲಿಗೆ ಹಾಕಿಕೊಂಡೆ.